ಕತ್ತಲೆಯನ್ನು ಕಾಯ್ದ ನಗರ

ಬೆಳಕನ್ನು ಜ್ಞಾನಕ್ಕೂ ಕತ್ತಲೆಯನ್ನು ಅಜ್ಞಾನಕ್ಕೂ ಹೋಲಿಸುವುದು ನಮ್ಮ ಜನರಲ್ಲಿ ಹಳೆಯ ರೂಢಿ. ಬೀದಿಗೆ ದೀಪ ಬಂದಿತೆಂದರೆ ಊರು ಮುಂದುವರಿಯಿತೆಂದೇ ಅರ್ಥ. ಹೀಗಿರುವಲ್ಲಿ, ಜ್ಞಾನಕ್ಕಾಗಿಯೇ ಕತ್ತಲೆಯನ್ನು ಕಾಪಾಡಬೇಕೆಂದು ಶಾಸನ ಮಾಡಿದ ನಗರವೊಂದು ಉಂಟೆಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಅದು ಅಮೆರಿಕದ ಅರಿಜೋನ ರಾಜ್ಯದ ಫ್ಲಾಗ್‌ಸ್ಟಾಫ್ ನಗರ.

ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿರುವ ಈ ಊರಿನ ತಿಳಿಯಾದ ಆಕಾಶವನ್ನು ಮೆಚ್ಚಿ, ಪರ್ಸಿವಲ್ ಲೊವೆಲ್ ಎಂಬವನು 1894ರಲ್ಲಿ ಅಲ್ಲಿ ವೀಕ್ಷಣಾಲಯವೊಂದನ್ನು ಸ್ಥಾಪಿಸಿದನು. ಅಲ್ಲಿಯೇ ವೆಸ್ಟೊ ಸ್ಲೈಫರನು 1912ರಿಂದ ಮೊದಲ್ಗೊಂಡು ಸುರುಳಿ ನೀಹಾರಿಕೆಗಳ ವೇಗವನ್ನು ಅಳೆದನು. ವಿಶ್ವವು ಹಿಗ್ಗುತ್ತಿದೆಯೆಂಬ ಮುಂದಿನ ತತ್ತ್ವಕ್ಕೆ ಆ ಅಳತೆಗಳು ಆಧಾರವಾದುವು. ಅಲ್ಲಿಯೇ 1930ರಲ್ಲಿ ಕ್ಲೈಡ್ ಟಾಂಬಾ ಪ್ಲೂಟೊವನ್ನು ಕಂಡುಹಿಡಿದನು. ಇಂಥ ಕಾರ್ಯಗಳಲ್ಲಿ ಛಾಯಾಫಲಕವನ್ನು ಬಹು ಹೊತ್ತು ಆಕಾಶಕ್ಕೆ ತೆರೆದಿಡಬೇಕಾಗುತ್ತದೆ. ಆಕಾಶವೇ ಊರಿನ ಬೆಳಕಿನಿಂದ ಹೊಳೆಯತೊಡಗಿದರೆ ಫಲಕವೆಲ್ಲ ಮಸಕಾಗಿ, ಕ್ಷೀಣವಾದ ತಾರೆಯು ಆ ಮಸಕಿನಲ್ಲಿ ಅಡಗಿಹೋಗುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಊರು ಬೇಗ ಬೆಳೆಯಿತು. 1950ರಲ್ಲಿ 8,000ಕ್ಕಿಂತ ಕಡಮೆಯಿದ್ದ ಜನಸಂಖ್ಯೆ 1960ರಲ್ಲಿ 18,000ವನ್ನು ಮೀರಿತು. ಗಿರಾಕಿಗಳನ್ನು ಕರೆಯಲು ಆಕಾಶಕ್ಕೆ ಬೆಳಕಿನ ಕೋಲನ್ನೆತ್ತಿ ತಿರುಗಿಸುವ ಶೋಧದೀಪಗಳು ವೀಕ್ಷಣಾಲಯಗಳಿಗೆ ತೊಡಕಾದುವು. ಅಮೆರಿಕದ ನೌಕಾ ವೀಕ್ಷಣಾಲಯವೂ 1955ರಲ್ಲಿ ಇಲ್ಲಿ ತನ್ನ ಠಾಣೆಯನ್ನು ತೆರೆದಿತ್ತು. ಕೊನೆಗೆ 1958ರ ಏಪ್ರಿಲ್ 15ರಂದು ನಗರಸಭೆಯು ಪ್ರಚಾರದ ಶೋಧದೀಪಗಳನ್ನು ನಿಷೇಧಿಸಿತು. ರಾತ್ರಿಯ ಆಕಾಶದ ರಕ್ಷಣೆಗಾಗಿ ನಗರವೊಂದು ಮಾಡಿದ ಶಾಸನಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ.

ಇಪ್ಪತ್ತು ವರ್ಷಗಳ ಮೇಲೆ, 1978ರಲ್ಲಿ, ಆ ನೌಕಾ ಠಾಣೆಯಲ್ಲಿ ತೆಗೆದ ಫಲಕಗಳನ್ನು ಪರೀಕ್ಷಿಸುತ್ತಿದ್ದ ಜೇಮ್ಸ್ ಕ್ರಿಸ್ಟಿಯು ಪ್ಲೂಟೊವಿನ ಬಿಂಬದ ಅಂಚಿನಲ್ಲಿ ಸಣ್ಣದೊಂದು ಉಬ್ಬನ್ನು ಗುರುತಿಸಿದನು. ಅದೇ ಪ್ಲೂಟೊವಿನ ಉಪಗ್ರಹವಾದ ಕ್ಯಾರನ್. ಪ್ಲೂಟೊ ದೊರೆತ ಊರಿನ ಆಕಾಶದಲ್ಲಿಯೇ ಅದರ ಸಂಗಾತಿಯೂ ದೊರೆತಂತಾಯಿತು.

ಇಂಥ ಶಾಸನವೆಂದರೆ ದೀಪ ಆರಿಸುವ ಆಜ್ಞೆಯೆಂದು ಭಾವಿಸಬಾರದು. ಕಾಲಕ್ರಮದಲ್ಲಿ ವಿಸ್ತಾರಗೊಂಡ ನಿಯಮಗಳು ಕೇಳಿದ್ದು ಮುಖ್ಯವಾಗಿ ಮೂರು. ಒಂದು, ದೀಪಕ್ಕೆ ಮರೆ ಕಟ್ಟಿ ಬೆಳಕು ನೆಲದ ಕಡೆಗೇ ಬೀಳುವಂತೆ ಮಾಡುವುದು. ದಿಗಂತದ ಕಡೆಗೆ ಓರೆಯಾಗಿ ಹೊರಟ ಬೆಳಕು ವಾಯುಮಂಡಲದಲ್ಲಿ ಬಹುದೂರ ಸಾಗಿ ಚದರುವುದರಿಂದ ಅದರ ಹಾನಿ ಹೆಚ್ಚು. ಎರಡು, ಬೆಳಕಿನ ಮೊತ್ತಕ್ಕೆ ಮಿತಿ. 1989ರ ನಿಯಮವು ಒಂದು ಎಕರೆಗೆ ಇಷ್ಟೇ ಬೆಳಕೆಂದು ಕಟ್ಟುಮಾಡಿತು. ಮೂರು, ಬಣ್ಣ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದರುತ್ತದೆ. ಸೋಡಿಯಂ ದೀಪದ ಹಳದಿ ಬೆಳಕು ಅಷ್ಟು ಚದರದು, ಖಗೋಳಜ್ಞರು ಅದನ್ನು ಶೋಧಿಸಿ ತೆಗೆಯಲೂ ಬಹುದು.

ಇದರಿಂದ ದಾರಿಹೋಕರಿಗೆ ನಷ್ಟವಿಲ್ಲ. ಉಪಾಧ್ಯಾಯರು ಒಂದು ಸಂಜೆ ಮಕ್ಕಳನ್ನು ಮರೆಯಿಲ್ಲದ ದೀಪದೆದುರು ನಿಲ್ಲಿಸಿ, ದೀಪದಾಚೆಗಿನ ಕತ್ತಲೆಯಲ್ಲಿ ಏನಿದೆಯೆಂದು ಕೇಳಲಿ. ಕಣ್ಣು ಕೋರೈಸಿ ಏನೂ ತೋಚದು. ಆ ಮೇಲೆ ಅಂಗೈಯಿಂದ ದೀಪವನ್ನಷ್ಟೇ ಮರೆಮಾಡಿ ನೋಡಲಿ, ಕಾಣದಿದ್ದುದು ಕಾಣತೊಡಗುತ್ತದೆ. ಒಬ್ಬನ ಅಂಗಳದ ದೀಪವು ನೆರೆಯವನ ನಿದ್ರೆಯನ್ನು ಕೆಡಿಸದಿರುವುದೂ ಇದೇ ಮರೆಯಿಂದಲೇ.

2001ರಲ್ಲಿ ಫ್ಲಾಗ್‌ಸ್ಟಾಫಿಗೆ ಜಗತ್ತಿನ ಪ್ರಥಮ ಅಂತರರಾಷ್ಟ್ರೀಯ ಕತ್ತಲಾಗಸದ ನಗರವೆಂಬ ಮನ್ನಣೆ ದೊರೆಯಿತು. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 77,000. 1960ರಿಂದ ಊರು ನಾಲ್ಮಡಿಯಾದರೂ ಅಲ್ಲಿಂದ ಆಕಾಶಗಂಗೆಯನ್ನು ಬರಿಗಣ್ಣಿನಿಂದ ಕಾಣಬಹುದು.

ನಮ್ಮ ದೇಶದಲ್ಲಿಯೂ ಇಂಥ ಯತ್ನ ಮೊದಲಾಗಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ವ್ಯಾಸದ ದೂರದರ್ಶಕವಿದೆ; ಅದನ್ನು ನಡೆಸುವವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದಿಂದ ನಡೆಸುತ್ತಾರೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲಾಗಸದ ರಕ್ಷಿತ ಪ್ರದೇಶವೆಂದು ಸಾರಲಾಯಿತು. ಕನ್ನಡನಾಡಿನಲ್ಲಿ ಕುಳಿತವರು ನಕ್ಷತ್ರ ನೋಡುವುದು ಹಾನ್ಲೆಯ ಹಳ್ಳಿಗರು ಕಿಟಕಿಗೆ ಪರದೆ ಎಳೆಯುವುದರ ಮೇಲೆಯೂ ನಿಂತಿದೆ.

ನಮ್ಮ ಮಕ್ಕಳು ಅಶ್ವಿನಿ, ಭರಣಿ, ಕೃತ್ತಿಕೆಯೆಂದು ಬಾಯಿಪಾಠ ಹೇಳುತ್ತಾರೆ; ರೈತರು ಮಳೆಗಳನ್ನೂ ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ. ಕೃತ್ತಿಕೆಯನ್ನು ತೋರಿಸೆಂದರೆ ಬೆರಳೆತ್ತಬಲ್ಲವರೆಷ್ಟು ಮಂದಿ? ಕೆರೆ ಬತ್ತಿದರೆ ಊರೆಲ್ಲ ಕೂಗುತ್ತದೆ. ಆಕಾಶ ಮಾಸಿದರೆ ಕೂಗುವವರಿಲ್ಲ, ಏಕೆಂದರೆ ಕಾಣದೆ ಬೆಳೆದವನಿಗೆ ಕಳೆದುಕೊಂಡೆನೆಂಬ ಅರಿವೇ ಇರದು. ಫ್ಲಾಗ್‌ಸ್ಟಾಫಿನವರು ಆ ಅರಿವು ಅಳಿಯುವ ಮೊದಲೇ ಎಚ್ಚತ್ತರು. ಶಾಲೆಯಂಗಳದ ದೀಪಕ್ಕೊಂದು ತಗಡಿನ ಮರೆ ಕಟ್ಟುವುದಕ್ಕೆ ನಾವಾದರೂ ಯಾವ ಶಾಸನವನ್ನೂ ಕಾಯಬೇಕಾಗಿಲ್ಲ.