ಚಿಮಣಿಯ ಹೊಗೆ ಮತ್ತು ಕಿಡಿಯ ಲೆಕ್ಕ

ಕೆಲವು ವರ್ಷಗಳ ಹಿಂದೆ ಕಚೇರಿಯ ಕೆಲಸದ ನಿಮಿತ್ತ ವಿದರ್ಭದ ಒಂದು ಉಷ್ಣವಿದ್ಯುತ್ ಸ್ಥಾವರಕ್ಕೆ ಹೋಗಬೇಕಾಯಿತು. ತಂಡದಲ್ಲಿದ್ದವರೆಲ್ಲ ಇಂಜಿನಿಯರುಗಳು; ನಾನೊಬ್ಬನೇ ಇಂಗ್ಲಿಷ್ ಎಂ.ಎ. ವರದಿಯ ಭಾಷೆಯನ್ನು ತಿದ್ದಿ ಒಪ್ಪಗೊಳಿಸುವುದಷ್ಟೇ ನನ್ನ ಪಾಲಿಗೆ ಬಂದ ಕೆಲಸ. ಬಾಯ್ಲರಿಗೂ ಚಿಮಣಿಗೂ ನಡುವೆ ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರದ ಉಕ್ಕಿನ ಪೆಟ್ಟಿಗೆಯೊಂದು ನಿಂತಿತ್ತು. ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್ ಎಂಬ ಅದರ ಪೂರ್ಣ ನಾಮಧೇಯವನ್ನು ಅಲ್ಲಿ ಯಾರೂ ಉಚ್ಚರಿಸುವುದಿಲ್ಲ. ಎಲ್ಲರಿಗೂ ಅದು ಇಎಸ್‌ಪಿ. ಹೊಗೆಯೊಳಗಿನ ಬೂದಿಯನ್ನು ವಿದ್ಯುತ್ತಿನಿಂದ ಹಿಡಿದು ನಿಲ್ಲಿಸುವ ಯಂತ್ರ. ಅದರ ನಿಯಂತ್ರಣ ಕೊಠಡಿಯಲ್ಲಿ ಬೀರುಗಳಂಥ ಪ್ಯಾನೆಲ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಕಿಲೋವೋಲ್ಟ್, ಮಿಲಿಆಂಪಿಯರ್ ತೋರಿಸುವ ಮುಳ್ಳುಗಳು. ಮುಳ್ಳು ನಿಧಾನವಾಗಿ ಏರುತ್ತದೆ, ಥಟ್ಟನೆ ಕುಸಿಯುತ್ತದೆ, ಮತ್ತೆ ಏರತೊಡಗುತ್ತದೆ. ಪಾಳಿಯಲ್ಲಿದ್ದ ಆಪರೇಟರ್ ಸಿಂಧನೂರಿನ ಕಡೆಯವರೆಂದು ಅವರ ಮಾತಿನ ಧಾಟಿಯೇ ಹೇಳಿತು. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ.

"ಕೆಟ್ಟಿಲ್ರಿ ಸರ. ಒಳಗ ಕಿಡಿ ಹಾರ್ತದಲ್ಲ, ಅದಕ್ಕ ಮುಳ್ಳು ಬೀಳ್ತದ. ಹಾರಲಿಲ್ಲಂದ್ರ ನಮಗ ಚಿಂತಿ."

ಕಿಡಿ ಹಾರದಿದ್ದರೆ ಚಿಂತೆ ಎಂಬ ಮಾತು ನನಗೆ ವಿಚಿತ್ರವೆನಿಸಿತು. ವಿದ್ಯುತ್ ತಂತಿಯಲ್ಲಿ ಕಿಡಿ ಕಂಡರೆ ಓಡಿಹೋಗಿ ಮೈನ್ ಸ್ವಿಚ್ ಆರಿಸುವ ಸಂಸಾರದಲ್ಲಿ ಬೆಳೆದವನು ನಾನು. ದೆಹಲಿಗೆ ಮರಳಿದ ಮೇಲೂ ಆ ಮಾತು ಬಿಡಲಿಲ್ಲ. ಹುಡುಕುತ್ತ ಹೋದಂತೆ, ಆ ಪ್ಯಾನೆಲ್ಲಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ ಎಂದು ತಿಳಿಯಿತು.

1824ರಲ್ಲಿ ಲೈಪ್ಸಿಗ್‌ನ ಹೋಲ್‌ಫೆಲ್ಡ್ ಎಂಬ ಗಣಿತದ ಉಪಾಧ್ಯಾಯ, ಹೊಗೆ ತುಂಬಿದ ಜಾಡಿಯೊಳಗೆ ವಿದ್ಯುದಾವೇಶಗೊಂಡ ತಂತಿಯನ್ನು ಇಳಿಬಿಟ್ಟು ಹೊಗೆ ತಿಳಿಯಾಗುವುದನ್ನು ತೋರಿಸಿದ. ಆ ಪ್ರಯೋಗವನ್ನು ಲೋಕ ಮರೆತಿತು. ಅರವತ್ತು ವರ್ಷಗಳ ಬಳಿಕ ಲಿವರ್‌ಪೂಲ್‌ನ ಪ್ರಾಧ್ಯಾಪಕ ಆಲಿವರ್ ಲಾಡ್ಜ್ ಅದನ್ನೇ ಸ್ವತಂತ್ರವಾಗಿ ಮತ್ತೆ ಕಂಡುಕೊಂಡ. ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮಂಥವರಿಗೆ ಇಂಗ್ಲೆಂಡಿನ ಹೊಗೆಮಂಜಿನ ಪರಿಚಯವಾದದ್ದು ಡಿಕೆನ್ಸ್‌ನ 'ಬ್ಲೀಕ್ ಹೌಸ್' ಕಾದಂಬರಿಯ ಆರಂಭದಲ್ಲಿ. ಆ ಮಂಜನ್ನು ವಿದ್ಯುತ್ತಿನಿಂದ ಚದುರಿಸಬಹುದೇ ಎಂದು ಗಂಭೀರವಾಗಿ ಯೋಚಿಸಿದವನು ಲಾಡ್ಜ್. ಇದೇ ಲಾಡ್ಜ್ ಮುಂದೆ, ಮಹಾಯುದ್ಧದಲ್ಲಿ ಮಡಿದ ಮಗನೊಡನೆ ಪ್ರೇತಮಾಧ್ಯಮದ ಮೂಲಕ ಮಾತನಾಡಿದೆನೆಂದು ನಂಬಿ 1916ರಲ್ಲಿ 'ರೇಮಂಡ್' ಎಂಬ ಪುಸ್ತಕ ಬರೆದ. ಕಾಣದುದನ್ನು ಹಿಡಿಯುವ ಹಂಬಲ ಅವನಲ್ಲಿ ಮೊದಲಿನಿಂದಲೂ ಇತ್ತೇನೋ.

1885ರಲ್ಲಿ ಉತ್ತರ ವೇಲ್ಸ್‌ನ ಬ್ಯಾಗಿಲ್ಟ್ ಎಂಬಲ್ಲಿಯ ಸೀಸದ ಕಾರ್ಖಾನೆಯಲ್ಲಿ ಲಾಡ್ಜ್‌ನ ಕಲ್ಪನೆ ಪರೀಕ್ಷೆಗೆ ಒಳಗಾಯಿತು. ಕಾರ್ಖಾನೆಯ ವಾಕರ್ ಎಂಬಾತ ಉತ್ಸಾಹದಿಂದ ಮುಂದೆ ಬಂದಿದ್ದ. ವಿದ್ಯುತ್ತಿಗಾಗಿ ದೊಡ್ಡ ಗಾಜಿನ ತಟ್ಟೆಗಳ ವಿಮ್ಸ್‌ಹರ್ಸ್ಟ್ ಯಂತ್ರಗಳನ್ನು ಹಬೆಯಂತ್ರದಿಂದ ತಿರುಗಿಸಿದರು. ನಮ್ಮ ಶಾಲೆಗಳ ಪ್ರಯೋಗಾಲಯದಲ್ಲಿ ಕೈಯಿಂದ ತಿರುಗಿಸಿ ಮಕ್ಕಳ ಕೂದಲು ನಿಲ್ಲಿಸುತ್ತಿದ್ದರಲ್ಲ, ಅದೇ ಯಂತ್ರದ ಹಿರಿಯಣ್ಣ. ಪ್ರಯತ್ನ ಸೋತಿತು. ಆ ಯಂತ್ರ ಕೊಡುತ್ತಿದ್ದ ವಿದ್ಯುತ್ ಪ್ರವಾಹ ತೀರ ಅಲ್ಪ. ಸೀಸದ ಹೊಗೆಯೋ ಅತಿ ಸೂಕ್ಷ್ಮವಾದುದು ಮಾತ್ರವಲ್ಲ, ವಿದ್ಯುತ್ತನ್ನು ಸುಲಭವಾಗಿ ಹಾಯಗೊಡದ ಜಾತಿಯದು. ಸಿದ್ಧಾಂತದಲ್ಲಿ ತಪ್ಪಿರಲಿಲ್ಲ. ಕೊರತೆಯಿದ್ದದ್ದು ವಿದ್ಯುತ್ ಪೂರೈಕೆಯಲ್ಲಿ. ಮುಂದಿನ ಚರಿತ್ರೆಯೆಲ್ಲ ಒಂದು ಅರ್ಥದಲ್ಲಿ ಈ ಪೂರೈಕೆಯ ಚರಿತ್ರೆಯೇ.

ಆ ಕೊರತೆಯನ್ನು ನೀಗಿಸಿದವನು ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಗಾರ್ಡ್ನರ್ ಕಾಟ್ರೆಲ್. ಹುಟ್ಟಿದ್ದು 1877ರಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಗಂಧಕಾಮ್ಲದ ಮಂಜನ್ನು ಹಿಡಿಯುವ ಸಮಸ್ಯೆಯೊಂದು 1906ರ ವೇಳೆಗೆ ಅವನ ಮುಂದೆ ಬಂತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ದೂರದ ಊರುಗಳಿಗೆ ಹೆಚ್ಚಿನ ಒತ್ತಡದಲ್ಲಿ ವಿದ್ಯುತ್ ಸಾಗಿಸುವ ವಿದ್ಯೆ ಬೆಳೆದಿತ್ತು. ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ 1902ರಲ್ಲೇ ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ವಿದ್ಯುತ್ ಹರಿದದ್ದನ್ನು ಇಲ್ಲಿ ನೆನೆಯಬಹುದು. ಅಂಥ ಟ್ರಾನ್ಸ್‌ಫಾರ್ಮರ್ ಒಂದನ್ನು ಕಾಟ್ರೆಲ್ ತೆಗೆದುಕೊಂಡ. ಅದರ ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಲು, ಅಲೆಯ ಲಯಕ್ಕೆ ಸರಿಯಾಗಿ ಸುತ್ತುವ ಯಾಂತ್ರಿಕ ಸ್ವಿಚ್ಚೊಂದನ್ನು ಜೋಡಿಸಿದ. ತಂತಿಯ ಮೈಯಿಂದ ವಿದ್ಯುತ್ ಸಮನಾಗಿ ಹೊರಸೂಸುವಂತೆ ಮಾಡುವುದೊಂದು ಉಳಿದಿತ್ತು. ಒಂದು ಮುಸ್ಸಂಜೆ ಪ್ರಯೋಗಾಲಯದ ಮಬ್ಬಿನಲ್ಲಿ, ಹತ್ತಿಯ ನೂಲು ಸುತ್ತಿದ ತಂತಿಯೊಂದು ಉದ್ದಕ್ಕೂ ನೇರಳೆ ಬಣ್ಣದಲ್ಲಿ ಹೊಳೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಒಂದೊಂದು ಎಳೆಯ ತುದಿಯೂ ವಿದ್ಯುತ್ ಚೆಲ್ಲುವ ಸೂಜಿಮೊನೆಯಾಗಿತ್ತು. 1908ರ ಆಗಸ್ಟಿನಲ್ಲಿ ಅವನಿಗೆ ಪೇಟೆಂಟ್ ದೊರೆಯಿತು.

ಈ ಆವಿಷ್ಕಾರವನ್ನು ಬೇಗನೆ ಕಾರ್ಖಾನೆಗೆ ಇಳಿಸಿದ್ದು ವಿಜ್ಞಾನದ ಮೇಲಿನ ಪ್ರೀತಿಯಲ್ಲ, ಮೊಕದ್ದಮೆಯ ಭಯ ಎಂಬುದನ್ನು ಇಂಜಿನಿಯರಿಂಗ್ ಪುಸ್ತಕಗಳು ಹೇಳಿದರೂ ಮೆಲುದನಿಯಲ್ಲಿ ಹೇಳುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಸೆಲ್ಬಿ ಲೋಹ ಕಾರ್ಖಾನೆಯ ವಿರುದ್ಧ ಆಚೆ ದಡದ ಸೊಲಾನೋ ಜಿಲ್ಲೆಯ ರೈತರು ನ್ಯಾಯಾಲಯದ ಮೆಟ್ಟಿಲೇರಿದ್ದರು. ರಿವರ್‌ಸೈಡ್‌ನ ಸಿಮೆಂಟ್ ಕಾರ್ಖಾನೆಯ ಧೂಳು ಕಿತ್ತಳೆ ತೋಟಗಳ ಎಲೆಗಳ ಮೇಲೆ ಕೂರುತ್ತಿತ್ತು, ಅಲ್ಲಿಯೂ ವ್ಯಾಜ್ಯ. 1912ರ ಹೊತ್ತಿಗೆ ಕಾಟ್ರೆಲ್‌ನ ಸಂಗಡಿಗ ವಾಲ್ಟರ್ ಶ್ಮಿಟ್ ಅಲ್ಲಿ ಯಂತ್ರವನ್ನು ನಿಲ್ಲಿಸಿದ. ಮಹಾಯುದ್ಧದಿಂದ ಜರ್ಮನಿಯ ಪೊಟ್ಯಾಷ್ ಬರುವುದು ನಿಂತಾಗ, ಹಿಡಿದ ಆ ಧೂಳಿನಿಂದಲೇ ಪೊಟ್ಯಾಷ್ ತೆಗೆದು ಗೊಬ್ಬರಕ್ಕೆ ಮಾರಿದರು. ಕಾಟ್ರೆಲ್ ಮಾತ್ರ ಶ್ರೀಮಂತನಾಗಲಿಲ್ಲ. ಪೇಟೆಂಟುಗಳನ್ನು 1912ರಲ್ಲಿ ಸ್ಥಾಪನೆಯಾದ ರಿಸರ್ಚ್ ಕಾರ್ಪೊರೇಷನ್ನಿಗೆ ಒಪ್ಪಿಸಿದ. ಹೊಗೆ ಹಿಡಿದು ಬಂದ ಆ ಹಣ ಗೊಡಾರ್ಡ್‌ನ ರಾಕೆಟ್ಟಿಗೂ ಲಾರೆನ್ಸ್‌ನ ಸೈಕ್ಲೋಟ್ರಾನಿಗೂ ನೆರವಾಯಿತು.

1923ರಲ್ಲಿ ಡೆಟ್ರಾಯಿಟ್ ಬಳಿಯ ಟ್ರೆಂಟನ್ ಚಾನೆಲ್ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಹಾರುಬೂದಿಗೆ ಈ ಯಂತ್ರ ಮೊದಲು ಬಳಕೆಯಾಯಿತು. ಅದರ ಹಿಂದಿನ ವರ್ಷವಷ್ಟೇ ಡಾಯ್ಚ್ ಎಂಬ ಜರ್ಮನ್ ವಿಜ್ಞಾನಿ ಇದರ ಗಣಿತವನ್ನು ಬಿಡಿಸಿದ್ದ. ಆ ಗಣಿತದ ಒಂದು ಫಲವನ್ನು ಇಲ್ಲಿ ಹೇಳಲೇಬೇಕು. ಗಂಟೆಗೆ 100 ಟನ್ ಬೂದಿ ಬರುವ ಘಟಕವೊಂದನ್ನು ಊಹಿಸಿಕೊಳ್ಳಿ. ಶೇಕಡಾ 99.9ರಷ್ಟು ಹಿಡಿದರೆ ಗಂಟೆಗೆ 100 ಕಿಲೋ ಹೊರಹೋಗುತ್ತದೆ. ಬೂದಿಯ ಕಣ ತಟ್ಟೆಯತ್ತ ಸರಿಯುವ ವೇಗವು ಸ್ಥೂಲವಾಗಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟೇಜು ಕೇವಲ ಹತ್ತನೆಯ ಒಂದು ಭಾಗ ಇಳಿದರೆ ಸೂತ್ರದ ಲೆಕ್ಕದಂತೆ ಹೊರಹೋಗುವುದು 370 ಕಿಲೋ, ಸರಿಸುಮಾರು ನಾಲ್ಕು ಪಟ್ಟು. ನೂರರಲ್ಲಿ ಹತ್ತು ಕಡಿಮೆಯಾದರೆ ಪಾಸಾದಂತೆಯೇ ಎಂಬ ನಮ್ಮ ಪರೀಕ್ಷಾ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ವೋಲ್ಟೇಜನ್ನು ಸುಮ್ಮನೆ ಏರಿಸಿಬಿಡಬಹುದಲ್ಲ? ಆಗದು. ಒಂದು ಮಟ್ಟ ದಾಟಿದೊಡನೆ ತಂತಿಯಿಂದ ತಟ್ಟೆಗೆ ಕಿಡಿ ಹಾರುತ್ತದೆ, ಆ ಕ್ಷಣ ವೋಲ್ಟೇಜು ನೆಲಕಚ್ಚುತ್ತದೆ. ಆ ಮಟ್ಟವೂ ಸ್ಥಿರವಲ್ಲ: ಹೊಗೆಯ ಉಷ್ಣ, ತೇವ, ಬೂದಿಯ ಗುಣ, ತಟ್ಟೆಯ ಮೇಲೆ ಕೂತ ಪದರದ ದಪ್ಪ, ಬಾಯ್ಲರಿನ ಹೊರೆ, ಇವೆಲ್ಲ ಬದಲಾದಂತೆ ಅದೂ ಸರಿಯುತ್ತಿರುತ್ತದೆ. ಆರಂಭದ ದಶಕಗಳಲ್ಲಿ ಟ್ರಾನ್ಸ್‌ಫಾರ್ಮರಿನ ಟ್ಯಾಪುಗಳನ್ನು, ರಿಯೋಸ್ಟಾಟನ್ನು ಮನುಷ್ಯನೇ ಕೈಯಿಂದ ಹೊಂದಿಸಬೇಕಿತ್ತು. ಸುತ್ತುವ ರೆಕ್ಟಿಫೈಯರಿನ ಗದ್ದಲ, ಓಜೋನಿನ ಘಾಟು. ಅಲ್ಲಿ ಎಂಟು ಗಂಟೆ ಕೂರುವವನು ನಿಮಿಷಕ್ಕೊಮ್ಮೆ ಗುಂಡಿ ತಿರುಗಿಸಿಯಾನೆ? ಕಿಡಿ ಹಾರದಷ್ಟು ಕೆಳಗೆ, ನೆಮ್ಮದಿಯ ಒಂದು ಮಟ್ಟದಲ್ಲಿ ಬಿಟ್ಟು ಕೂರುತ್ತಿದ್ದ. ಅವನನ್ನು ದೂಷಿಸಲಾರೆ. ಆದರೆ ಆ ನೆಮ್ಮದಿಯ ಬೆಲೆಯನ್ನು ಚಿಮಣಿಯ ಕೆಳಗಾಳಿಯ ಊರುಗಳು ತೆತ್ತವು.

ಹ್ಯಾರಿ ವೈಟ್ ಮತ್ತು ಅವನ ಸಮಕಾಲೀನರು ಈ ನೋಟವನ್ನೇ ತಿರುಗಿಸಿದರು. ಕಿಡಿಯೇ ಇಲ್ಲದಿದ್ದರೆ ಯಂತ್ರ ತನ್ನ ಶಕ್ತಿಗಿಂತ ಕೆಳಗೆ ದುಡಿಯುತ್ತಿದೆ ಎಂದು ಅರ್ಥ. ವಿಪರೀತ ಕಿಡಿಯಿದ್ದರೆ ಶಕ್ತಿ ವ್ಯರ್ಥ. ನಡುವೆ ಒಂದು ಹದವಿದೆ. ನಿಮಿಷಕ್ಕೆ ಇಷ್ಟು ಕಿಡಿ ಎಂದು ಎಣಿಸಿ, ಆ ಎಣಿಕೆಯಂತೆ ವೋಲ್ಟೇಜನ್ನು ತಾನೇ ಏರಿಸಿ ಇಳಿಸುವ ಸ್ವಯಂಚಾಲಿತ ನಿಯಂತ್ರಣ 1950ರ ದಶಕದಲ್ಲಿ ರೂಢಿಗೆ ಬಂತು. ಅಂದಿನ ಉಪಕರಣ ಕಾಂತೀಯ ವರ್ಧಕ, ನಿಧಾನಗತಿಯದು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಹುಟ್ಟಿದ ಥೈರಿಸ್ಟರ್ ಬಳಕೆಗೆ ಬಂದ ಮೇಲೆ ಕೆಲಸ ಚುರುಕಾಯಿತು. ಬೆನ್ನಿಗೆ ಬೆನ್ನು ಹಚ್ಚಿ ಜೋಡಿಸಿದ ಎರಡು ಥೈರಿಸ್ಟರುಗಳು ವಿದ್ಯುತ್ ಅಲೆಯ ಪ್ರತಿ ಅರ್ಧದಲ್ಲೂ ಎಷ್ಟು ಭಾಗವನ್ನು ಟ್ರಾನ್ಸ್‌ಫಾರ್ಮರಿಗೆ ಬಿಡಬೇಕೆಂದು ನಿರ್ಧರಿಸುತ್ತವೆ. ಕಿಡಿ ಹಾರಿತೋ, ಕೆಲವೇ ಮಿಲಿಸೆಕೆಂಡುಗಳ ಕಾಲ ಸರಬರಾಜು ನಿಲ್ಲುತ್ತದೆ. ಕಿಡಿ ಆರಿದ ಮೇಲೆ ಮೊದಲಿಗಿಂತ ತುಸು ಕೆಳಗಿನಿಂದ ಶುರುವಾಗಿ, ಮೊದಲು ಬೇಗ, ಆಮೇಲೆ ಮೆಲ್ಲಗೆ, ಮತ್ತೆ ಅಂಚಿನತ್ತ ಹತ್ತುತ್ತದೆ. ನಾನು ಕಂಡ ಮುಳ್ಳಿನ ಏರಿಳಿತ ಇದೇ.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ತೊಡಕು ಸೇರಿಕೊಂಡಿತು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಹೆಚ್ಚು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೂದಿಯಿರುವುದು ಸಾಮಾನ್ಯ. ಗಂಧಕ ಕಡಿಮೆಯಿರುವುದು ಒಳ್ಳೆಯದೇ ಅಲ್ಲವೇ ಎಂದು ನಾನೂ ಭಾವಿಸಿದ್ದೆ. ಆದರೆ ಗಂಧಕದಿಂದ ಬರುವ ಆಮ್ಲದ ಲೇಪವಿಲ್ಲದ ಬೂದಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ತಟ್ಟೆಯ ಮೇಲೆ ಕೂತ ಪದರದೊಳಗೇ ಒತ್ತಡ ಹೆಚ್ಚಿ, ಪದರ ಸಿಡಿದು, ವಿರುದ್ಧ ಆವೇಶದ ಅಯಾನುಗಳನ್ನು ಹಿಂದಕ್ಕೆ ಉಗುಳುತ್ತದೆ. ಬ್ಯಾಕ್ ಕೊರೋನಾ ಎಂದು ಇದರ ಹೆಸರು. ಆಗ ಮಿಲಿಆಂಪಿಯರ್ ಮುಳ್ಳು ಏರುತ್ತದೆ, ಕಿಲೋವೋಲ್ಟ್ ಮುಳ್ಳು ಇಳಿಯುತ್ತದೆ. ಹೊರಗಿನವನಿಗೆ ಯಂತ್ರ ಜೋರಾಗಿ ದುಡಿಯುತ್ತಿದೆ ಎಂದೇ ಭ್ರಮೆ, ಒಳಗೆ ಹಿಡಿದ ಬೂದಿ ಮರಳಿ ಹೊಗೆಗೆ ಸೇರುತ್ತಿರುತ್ತದೆ. ಕಿಡಿಯನ್ನಷ್ಟೇ ಎಣಿಸುವ ನಿಯಂತ್ರಕ ಇಲ್ಲಿ ಮೋಸಹೋಗುತ್ತದೆ.

ಇದಕ್ಕೆ ಪರಿಹಾರ ಮೈಕ್ರೋಪ್ರೊಸೆಸರ್ ಬಂದ ಮೇಲೆ, 1980ರ ದಶಕದಲ್ಲಿ, ದೊರೆಯಿತು: ವಿದ್ಯುತ್ತನ್ನು ಸತತವಾಗಿ ಕೊಡದೆ ಬಿಟ್ಟುಬಿಟ್ಟು ಕೊಡುವುದು. ಅಲೆಯ ಮೂರು ಅರ್ಧಗಳಲ್ಲಿ ಒಂದನ್ನು, ಇಲ್ಲವೇ ಐದರಲ್ಲಿ, ಏಳರಲ್ಲಿ ಒಂದನ್ನು ಬಿಟ್ಟು ಉಳಿದವನ್ನು ತಡೆಯುವುದು. ಲೆಕ್ಕ ಸದಾ ಬೆಸಸಂಖ್ಯೆಯದು. ಸಮಸಂಖ್ಯೆಯಾದರೆ ಪ್ರತಿ ಸಲವೂ ಒಂದೇ ದಿಕ್ಕಿನ ಅರ್ಧವೇ ಬಂದು ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಸಂತೃಪ್ತವಾಗಿಬಿಡುತ್ತದೆ. ನಡುವಿನ ಬಿಡುವಿನಲ್ಲಿ ಬೂದಿಯ ಪದರ ತನ್ನ ಆವೇಶವನ್ನು ಮೆಲ್ಲನೆ ಇಳಿಸಿಕೊಳ್ಳುತ್ತದೆ. ಹೊಗೆ ತಿಳಿಯಾಗುತ್ತದೆ, ವಿದ್ಯುತ್ ಖರ್ಚೂ ತಗ್ಗುತ್ತದೆ; ಇಂಜಿನಿಯರಿಂಗಿನಲ್ಲಿ ಎರಡೂ ಒಟ್ಟಿಗೆ ದೊರೆಯುವುದು ಅಪರೂಪ. ದೇಶದ ಅನೇಕ ಸ್ಥಾವರಗಳ ಇಎಸ್‌ಪಿಗಳು ತಯಾರಾದದ್ದು ತಮಿಳುನಾಡಿನ ರಾಣಿಪೇಟೆಯ ಬಿಎಚ್‌ಇಎಲ್ ಕಾರ್ಖಾನೆಯಲ್ಲಿ. ನಮ್ಮ ಕಲ್ಲಿದ್ದಲಿನ ಈ ಹಟಮಾರಿ ಗುಣದಿಂದಾಗಿ ಭಾರತದ ಇಎಸ್‌ಪಿಗಳು ಗಾತ್ರದಲ್ಲೂ ದೊಡ್ಡವು.

2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಮಿತಿಗಳನ್ನು ಪ್ರಕಟಿಸಿತು: ಹೊಗೆಯ ಪ್ರತಿ ಘನಮೀಟರಿನಲ್ಲಿ ಹಳೆಯ ಘಟಕಗಳಿಗೆ 100 ಮಿಲಿಗ್ರಾಂ, 2004ರಿಂದ 2016ರ ನಡುವಿನವಕ್ಕೆ 50, ಆನಂತರದವಕ್ಕೆ 30. ನನ್ನಂಥವರ ಮೇಜಿನ ಮೇಲೆ ಇವು ಕೋಷ್ಟಕದ ಅಂಕಿಗಳು. ಪ್ಯಾನೆಲ್ ಕೊಠಡಿಯಲ್ಲಿ ಇವು ಮುಳ್ಳಿನ ಸ್ಥಾನಗಳು.

ಆ ದಿನದ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. ಇಪ್ಪತ್ತೆಂಟು ಪ್ಯಾನೆಲ್‌ಗಳಲ್ಲಿ ಮೂರರ ಮುಳ್ಳುಗಳು ಸೊನ್ನೆಯಲ್ಲಿದ್ದವು. ಒಳಗೆ ತಂತಿ ತುಂಡಾಗಿ ತಟ್ಟೆಗೆ ತಗುಲಿದರೆ ಆ ಭಾಗ ಶಾರ್ಟ್ ಆಗುತ್ತದೆ. ಎಷ್ಟೇ ಜಾಣ ನಿಯಂತ್ರಕವಾದರೂ ಅದನ್ನು ಎಬ್ಬಿಸಲಾರದು, ಬಾಯ್ಲರ್ ನಿಲ್ಲಿಸಿ ಮನುಷ್ಯನೇ ಒಳಹೊಕ್ಕು ತಂತಿ ಕತ್ತರಿಸಬೇಕು. ಆಪರೇಟರ್ ತಮ್ಮ ರಿಜಿಸ್ಟರ್ ತೆರೆದು ತೋರಿಸಿದರು. ಪಾಳಿಪಾಳಿಗೂ ಬೇರೆ ಬೇರೆ ಕೈಬರಹದಲ್ಲಿ ಒಂದೇ ಸಾಲು: ಮೂರು ಫೀಲ್ಡ್ ಬಂದ್, ಶಟ್‌ಡೌನ್ ಬೇಕು. ಏಳು ವಾರಗಳಿಂದ. "ಬರೆಯೋದು ನಮ್ಮ ಕೆಲಸ ಸರ, ಓದೋರು ಯಾರೋ" ಎಂದರು, ದೂರಿನ ದನಿಯಲ್ಲೂ ಅಲ್ಲ.

ಸಂಜೆ ಅತಿಥಿಗೃಹದಲ್ಲಿ ಕರಡನ್ನು ತಿದ್ದಲು ಕೂತೆ. ಇಎಸ್‌ಪಿ ಎಂಬ ಸಾಲಿನ ಮುಂದೆ ತಂಡದ ಹಿರಿಯರೊಬ್ಬರು 'ಚಾಲನೆಯಲ್ಲಿದೆ' ಎಂದು ಬರೆದಿದ್ದರು. ಮೂರು ಫೀಲ್ಡಿನ ಮಾತು ಎತ್ತಿದೆ. "ಇಪ್ಪತ್ತೈದು ನಡೀತಿವೆಯಲ್ಲ, ಸುಳ್ಳೇನಿದೆ? ನೀವು ಭಾಷೆ ನೋಡಿ ಸಾಕು" ಎಂದರು. ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ. ನಾನು ಅದನ್ನು ಹಾಗೆಯೇ ಬಿಟ್ಟು ಮುಂದಿನ ಪುಟಕ್ಕೆ ಹೋದೆ.