ಕಂಪ್ಯೂಟರ್ ವಿರೋಧಿ ಚದುರಂಗ

ಕಂಪ್ಯೂಟರನ್ನು ಎದುರಿಸಲೆಂದೇ ಚದುರಂಗದ ಆಟಗಾರರು ರೂಢಿಸಿಕೊಂಡ ಆಟದ ಕ್ರಮ. ಕಾಯಿಗಳು ನೇರ ಹೊಡೆದಾಟಕ್ಕಿಳಿದರೆ ಯಂತ್ರದ ಲೆಕ್ಕವನ್ನು ಮೀರಿಸುವುದು ಕಷ್ಟ. ಆದರೆ ಹಳೆಯ ತಂತ್ರಾಂಶಗಳು ಮುಂದಿನ ಕೆಲವೇ ನಡೆಗಳನ್ನು ನೋಡಬಲ್ಲವಾಗಿದ್ದವು. ಅದರಾಚೆ ನಿಧಾನವಾಗಿ ಒಟ್ಟಾಗುವ ಅಪಾಯ ಅವಕ್ಕೆ ಕಾಣುತ್ತಿರಲಿಲ್ಲ. ಹಾಗಾಗಿ ಕಾಲಾಳುಗಳನ್ನು ಎದುರುಬದುರು ನಿಲ್ಲಿಸಿ ದಾರಿ ಮುಚ್ಚುವುದು, ರಾಣಿಗಳನ್ನು ಬೇಗ ಅದಲುಬದಲು ಮಾಡಿ ಮಣೆಯಿಂದ ತೆಗೆಸುವುದು, ಯಂತ್ರಕ್ಕೆ ಉಣಿಸಿದ ಆರಂಭದ ನಡೆಗಳಿಂದ ತಪ್ಪಿಸಿಕೊಳ್ಳುವುದು ವಾಡಿಕೆಯಾಯಿತು.

ಹತ್ತು ವರ್ಷಗಳೊಳಗೆ ಯಾವ ಕಂಪ್ಯೂಟರೂ ತನ್ನೆದುರು ಪಂದ್ಯ ಗೆಲ್ಲದೆಂದು 1968ರಲ್ಲಿ ಪಣ ಕಟ್ಟಿದ್ದ ಸ್ಕಾಟ್ಲೆಂಡಿನ ಡೇವಿಡ್ ಲೆವಿ, 1978ರಲ್ಲಿ ಟೊರಾಂಟೊದಲ್ಲಿ ‘ಚೆಸ್ 4.7’ ಅನ್ನು 3.5–1.5ರಿಂದ ಮಣಿಸಿದರು. ತಾವಾಗಿ ಏನನ್ನೂ ಕೆದಕದೆ, ಯಂತ್ರವೇ ತಪ್ಪಲಿ ಎಂದು ಕಾಯುವುದು ಅವರ ನೀತಿ. ಅದನ್ನು ಬಿಟ್ಟು ಲಾಟ್ವಿಯನ್ ಗ್ಯಾಂಬಿಟ್ ಎಂಬ ದುಡುಕಿನ ಆರಂಭ ಆಡಿದ ನಾಲ್ಕನೆಯ ಆಟದಲ್ಲಿ ಸೋತರು.

ಯಂತ್ರದ ಬಲ ಕುಗ್ಗಿಸಹೊರಟವರು ತಮ್ಮ ಬಲವನ್ನೂ ಬಿಟ್ಟುಕೊಡಬೇಕಾಗುತ್ತಿತ್ತು. ದಾಳಿಯಲ್ಲಿ ಸಾಟಿಯಿಲ್ಲದ ಗ್ಯಾರಿ ಕ್ಯಾಸ್ಪರೋವ್, 1997ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ಎದುರು ಮೂರನೆಯ ಆಟವನ್ನು ರಾಣಿಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ ಆರಂಭಿಸಿದರು. ಆ ಆಟ ಡ್ರಾ ಆಯಿತು. ಕೊನೆಯ ಆಟದಲ್ಲಿ ತಮಗೆ ರೂಢಿಯಿಲ್ಲದ ಕಾರೋ-ಕಾನ್ ರಕ್ಷಣೆಗೆ ಹೋಗಿ, ಕುದುರೆಯ ಬಲಿಗೆ ಎಡೆಕೊಟ್ಟು 19 ನಡೆಗಳಲ್ಲಿ ಶರಣಾದರು, ಪಂದ್ಯ 2.5–3.5ರಿಂದ ಕೈತಪ್ಪಿತು. ಕ್ಯಾಸ್ಪರೋವ್ ಆಡಿದ್ದು ತಮ್ಮ ಆಟವನ್ನಲ್ಲ.

ಈ ಕ್ರಮದ ಅತ್ಯುತ್ತಮ ಮಾದರಿಯೂ ಅವರದೇ. 2003ರ ನವೆಂಬರಿನಲ್ಲಿ ಎಕ್ಸ್3ಡಿ ಫ್ರಿಟ್ಜ್ ಎದುರು ಮೂರನೆಯ ಆಟದಲ್ಲಿ ಕಾಲಾಳುಗಳ ಸಾಲು ಬಿಗಿದುಕೊಂಡಿತು. ಏನು ಮಾಡಬೇಕೆಂದು ತಿಳಿಯದ ಯಂತ್ರ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತ ಕಾಲ ಕಳೆಯಿತು. ಕ್ಯಾಸ್ಪರೋವ್ ಅವಸರಪಡದೆ ರಾಣಿಯ ಪಕ್ಕದಲ್ಲಿ ಬಲ ಕೂಡಿಸಿ 45 ನಡೆಗಳಲ್ಲಿ ಗೆದ್ದರು.

ಆದರೆ ಯಂತ್ರಗಳು ಬಹುಬೇಗ ಬೆಳೆದವು. 2005ರಲ್ಲಿ ಹೈಡ್ರಾ ಎಂಬ ಯಂತ್ರ ಆಟಗಾರ ಮೈಕಲ್ ಆಡಮ್ಸ್‌ರನ್ನು 5.5–0.5ರಿಂದ ಸೋಲಿಸಿತು. 2002ರಲ್ಲಿ ಬಹ್ರೇನಿನಲ್ಲಿ ರಾಣಿಗಳನ್ನು ಬೇಗ ಅದಲುಬದಲು ಮಾಡಿ ಡೀಪ್ ಫ್ರಿಟ್ಜ್ ತಂತ್ರಾಂಶದ ಜೊತೆ 4–4 ಸಮ ಮಾಡಿಕೊಂಡಿದ್ದ ವ್ಲಾದಿಮಿರ್ ಕ್ರಾಮ್ನಿಕ್, 2006ರಲ್ಲಿ ಬಾನ್‌ನಲ್ಲಿ ಒಂದೇ ನಡೆಯ ಚೆಕ್‌ಮೇಟ್ ಗಮನಿಸದೆ ಒಂದು ಆಟ ಕಳೆದುಕೊಂಡರು. ಪಂದ್ಯವೂ 2–4ರಿಂದ ಹೋಯಿತು.

ಕೊನೆಯ ದೊಡ್ಡ ಚಮತ್ಕಾರ ಹಿಕಾರು ನಕಮುರಾ ಅವರದು. 2008ರಲ್ಲಿ ರಿಬ್ಕಾ ಎಂಬ ತಂತ್ರಾಂಶದ ಎದುರಿನ ಒಂದು ಬ್ಲಿಟ್ಜ್ (ಅತಿವೇಗದ) ಆಟದಲ್ಲಿ ಮಣೆಯನ್ನು ಪೂರ್ತಿ ಮುಚ್ಚಿ ಸುಮ್ಮನೆ ಕಾಯಿ ಸರಿಸುತ್ತ ಕುಳಿತರು. ಕಾಲಾಳು ಸರಿಯದೆ, ಯಾವ ಕಾಯಿಯೂ ಹೊಡೆತಕ್ಕೆ ಸಿಗದೆ 50 ನಡೆ ಕಳೆದರೆ ಆಟ ಡ್ರಾ ಎನ್ನುವ ನಿಯಮವನ್ನು ತಪ್ಪಿಸಲು, ತಾನೇ ಮುಂದಿದ್ದೇನೆಂದು ಎಣಿಸಿದ್ದ ರಿಬ್ಕಾ ತನ್ನ ಕೋಟೆಯನ್ನು ತಾನೇ ಒಡೆದು 271ನೆಯ ನಡೆಯ ಹೊತ್ತಿಗೆ ಸೋತಿತು. ಅದೇ ನಕಮುರಾ 2016ರಲ್ಲಿ, ಆಟದಿಂದ ಆಟಕ್ಕೆ ಬೇರೆ ಬೇರೆ ರಿಯಾಯಿತಿ ಪಡೆದೂ ಕೊಮೊಡೊ ತಂತ್ರಾಂಶದ ಎದುರು 1.5–2.5ರಿಂದ ಸೋತರು.