ಸತ್ತ ಪ್ರೇಮಿಗಳನ್ನು ಬದುಕಿಸಿದ ಕನ್ನಡ ನಾಟಕ

ಇಟಲಿಯ ವೆರೋನಾ ನಗರದಲ್ಲಿ ಬದ್ಧವೈರಿಗಳಾದ ಎರಡು ಮನೆತನಗಳು. ಒಂದರ ಮಗನೂ ಇನ್ನೊಂದರ ಮಗಳೂ ಒಬ್ಬರಿಗೊಬ್ಬರು ಒಲಿದು, ಗುಟ್ಟಾಗಿ ಮದುವೆಯಾಗಿ, ಕೊನೆಗೆ ಒಂದೇ ಸಮಾಧಿಗೃಹದಲ್ಲಿ ಪ್ರಾಣ ಬಿಡುತ್ತಾರೆ. ಮಕ್ಕಳ ಶವಗಳ ಮುಂದೆ ನಿಂತ ಹಿರಿಯರು ಆಗ ಕೈ ಹಿಡಿದು ಹಗೆ ಮರೆಯುತ್ತಾರೆ. 1597ರಲ್ಲಿ ಮೊದಲು ಅಚ್ಚಾದ ಶೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಕಥೆ ಇದು. ನೈರೋಬಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಪಾಠವಾಗಿಯೋ ಚಲನಚಿತ್ರವಾಗಿಯೋ ಈ ಕಥೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಆದರೆ ಇದೇ ಕಥೆ 19ನೆಯ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ಬಂದಾಗ ಅದರ ಮುಕ್ತಾಯ ಬೇರೆಯೇ ಆಗಿತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಯೂರೋಪಿನಲ್ಲಿ ಈ ಕಥೆಗೆ ಒಪೆರಾದ ರೂಪವೂ ದೊರೆಯಿತು. ಒಪೆರಾ ಎಂದರೆ ವಾದ್ಯವೃಂದದೊಡನೆ ಬಹುಮಟ್ಟಿಗೆ ಹಾಡಿನಲ್ಲೇ ನಡೆಯುವ ಗೀತನಾಟಕ. ಬೆಲ್ಲೀನಿಯ ಒಪೆರಾ 1830ರ ಮಾರ್ಚ್ ತಿಂಗಳಲ್ಲಿ ವೆನಿಸ್ಸಿನ ಲಾ ಫೆನಿಚೆ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಗೂನೋ ರಚಿಸಿದ ಒಪೆರಾ 1867ರಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿತು. ಎರಡರಲ್ಲಿಯೂ ರೋಮಿಯೋ ವಿಷ ಕುಡಿದ ಮೇಲೆ, ಅವನ ಉಸಿರು ನಿಲ್ಲುವ ಮುನ್ನವೇ ಜೂಲಿಯೆಟ್ ಎಚ್ಚರಗೊಳ್ಳುತ್ತಾಳೆ. ಮೂಲ ನಾಟಕದಲ್ಲಿ ಇಲ್ಲದ ಈ ಸಂದರ್ಭವನ್ನು ತಂದುಕೊಂಡಿದ್ದರಿಂದ ಇಬ್ಬರೂ ಸೇರಿ ಕೊನೆಯ ಹಾಡು ಹಾಡಲು ಅವಕಾಶವಾಯಿತು. ಆದರೆ ಸಾವನ್ನು ಮಾತ್ರ ಇಬ್ಬರು ಸಂಗೀತಗಾರರೂ ತಪ್ಪಿಸಲಿಲ್ಲ. ಬೆಲ್ಲೀನಿಯ ಒಪೆರಾದ ಕೊನೆಯಲ್ಲಂತೂ, ಇವರನ್ನು ಕೊಂದವರು ಯಾರೆಂದು ಕೇಳುವ ತಂದೆಯ ಮೇಲೆಯೇ ಸುತ್ತ ನಿಂತವರೆಲ್ಲರೂ ಆ ಹೊಣೆಯನ್ನು ಹೊರಿಸುತ್ತಾರೆ.

ಹಾಡಿನ ನಾಟಕ ಕನ್ನಡಿಗರಿಗೂ ಹೊಸದೇನಲ್ಲ. ನಮ್ಮಲ್ಲಿ ಯಕ್ಷಗಾನವಿತ್ತು, ದೊಡ್ಡಾಟವಿತ್ತು. 1880ರ ದಶಕದಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಅರಮನೆಯ ನಾಟಕ ಮಂಡಳಿ ರೂಪುಗೊಂಡಿತು. ಅಲ್ಲಿ ನಟನಾದವನು ಸಂಗೀತವನ್ನೂ ಬಲ್ಲವನಾಗಿರಬೇಕಿತ್ತು; ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. (ಇದಕ್ಕೆ ವಿರುದ್ಧವಾಗಿ ಬೆಲ್ಲೀನಿಯ ಒಪೆರಾದಲ್ಲಿ ರೋಮಿಯೋನ ಪಾತ್ರವನ್ನು ಹಾಡುವವಳು ಹೆಂಗಸು!) ‘ಅಭಿನವ ಕಾಳಿದಾಸ’ರೆಂದು ಹೆಸರಾದ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದಂತೆಯೇ ಶೇಕ್ಸ್‌ಪಿಯರನ ‘ಒಥೆಲೋ’ವನ್ನು ‘ಶೂರಸೇನ ಚರಿತ್ರೆ’ಯಾಗಿ ಮಾರ್ಪಡಿಸಿದರು. ಎಂ. ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ‘ಮ್ಯಾಕ್‌ಬೆತ್’ ನಾಟಕವು ‘ಪ್ರತಾಪರುದ್ರದೇವ’ವಾಯಿತು.

ಇದೇ ಕಾಲದಲ್ಲಿ ಆನಂದರಾಯರು ರೋಮಿಯೋ–ಜೂಲಿಯೆಟ್ಟರನ್ನು ರಾಮವರ್ಮ–ಲೀಲಾವತಿಯರನ್ನಾಗಿಸಿ ಕನ್ನಡಕ್ಕೆ ತಂದರು. ಹೆಸರುಗಳು ಬದಲಾದವು, ಆಚಾರ ವಿಚಾರಗಳು ಬದಲಾದವು. ಅವೆಲ್ಲಕ್ಕಿಂತ ಮಿಗಿಲಾಗಿ ಕೊನೆಯೇ ಬದಲಾಯಿತು. ದೈವಾನುಗ್ರಹದಿಂದ ಪ್ರೇಮಿಗಳು ಮರಳಿ ಜೀವ ಪಡೆದರು. ದುರಂತ ಮಂಗಳದಲ್ಲಿ ಮುಗಿಯಿತು.

ಇದನ್ನು ಅನುವಾದಕರ ಅಳುಕೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಂಸ್ಕೃತ ನಾಟಕದ ಸಂಪ್ರದಾಯದಲ್ಲಿ ನಾಯಕನ ಮರಣವನ್ನು ರಂಗದ ಮೇಲೆ ತೋರಿಸುವುದು ನಿಷಿದ್ಧವೆಂದೇ ಸಾಮಾನ್ಯವಾಗಿ ಭಾವಿಸಲಾಗಿತ್ತು. ನಾಟಕ ಭರತವಾಕ್ಯದ ಶುಭಾಶಯದೊಂದಿಗೆ ಮುಗಿಯಬೇಕಿತ್ತು. ಭಾಸನ ‘ಊರುಭಂಗ’ದಂಥವು ಅಪವಾದಗಳು. ಸಾವಿತ್ರಿಯು ಯಮನಿಂದ ಗಂಡನ ಪ್ರಾಣವನ್ನು ಮರಳಿ ಪಡೆದ ಕಥೆ ಕೇಳಿ ಬೆಳೆದ ಪ್ರೇಕ್ಷಕರಿಗೆ, ನಿಷ್ಕಳಂಕರಾದ ಇಬ್ಬರು ಎಳೆಯರನ್ನು ದೇವರು ಕೈಬಿಡುತ್ತಾನೆಂದರೆ ಅದು ಅಧರ್ಮವೆನಿಸುತ್ತಿತ್ತು. ಇಂಗ್ಲೆಂಡಿನ ಪ್ರೇಕ್ಷಕರೂ ಇದಕ್ಕೆ ಹೊರತಾಗಿರಲಿಲ್ಲ. 1660ರ ದಶಕದಲ್ಲಿ ಜೇಮ್ಸ್ ಹೊವಾರ್ಡ್ ಎಂಬಾತ ಪ್ರೇಮಿಗಳು ಬದುಕುಳಿಯುವಂತೆ ಈ ನಾಟಕವನ್ನು ತಿದ್ದಿದ. ಲಂಡನ್ನಿನಲ್ಲಿ ಒಂದು ದಿನ ದುಃಖಾಂತವನ್ನೂ ಮರುದಿನ ಸುಖಾಂತವನ್ನೂ ಆಡುತ್ತಿದ್ದರೆಂದು ಅಲ್ಲಿಯ ರಂಗಚರಿತ್ರಕಾರ ಜಾನ್ ಡೌನ್ಸ್ ಬರೆದಿದ್ದಾನೆ. 1681ರಲ್ಲಿ ನೇಹಮ್ ಟೇಟ್ ಸುಖಾಂತಗೊಳಿಸಿದ ‘ಕಿಂಗ್ ಲಿಯರ್’ ಸುಮಾರು ನೂರೈವತ್ತು ವರ್ಷ ಇಂಗ್ಲಿಷ್ ರಂಗವನ್ನು ಆಳಿತು.

ಆದರೂ ಸುಖಾಂತದಿಂದ ಒಂದು ನಷ್ಟವಾಗುತ್ತದೆ. ಅದನ್ನು ಅನುಭವಿಸುವವರು ಪ್ರೇಮಿಗಳಲ್ಲ, ಹಿರಿಯರು. ಮಕ್ಕಳು ಎದ್ದು ಕುಳಿತರೆ ತಂದೆತಾಯಿಗಳು ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ. ತಲೆಮಾರುಗಳ ಹಗೆಯಿಂದ ಆದ ಹಾನಿಯನ್ನು ದೇವರೇ ಭರಿಸಿಕೊಟ್ಟ ಮೇಲೆ ಆ ಹಗೆಗೆ ಕಾರಣವೇನಿತ್ತೆಂದು ಕೇಳುವವರು ಯಾರು? ಶೇಕ್ಸ್‌ಪಿಯರನಲ್ಲಿ ಹಿರಿಯರ ರಾಜಿಯು ಮಕ್ಕಳ ಸಾವಿನ ಬೆಲೆ ತೆತ್ತು ಪಡೆದದ್ದು. ಆ ಬೆಲೆ ಕಣ್ಣ ಮುಂದೆ ಇರುವುದರಿಂದಲೇ, ಸಮಯವಿದ್ದಾಗ ಇವರು ಮಕ್ಕಳ ಮಾತಿಗೆ ಕಿವಿಗೊಡಬಾರದಿತ್ತೆ ಎಂಬ ಪ್ರಶ್ನೆ ಪ್ರೇಕ್ಷಕನೊಡನೆ ಮನೆಯವರೆಗೂ ಬರುತ್ತದೆ.

ಕನ್ನಡ ರಂಗಭೂಮಿಯೂ ಮುಂದೆ ಈ ಪ್ರಶ್ನೆಗೆ ಮುಖ ತಿರುಗಿಸಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಆಧರಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ರಚಿಸಿದರು. 1929ರಲ್ಲಿ ಗ್ರೀಕ್ ಕವಿ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ಬರೆದರು. ರುದ್ರನಾಟಕವೆಂಬ ಪ್ರಕಾರ ಕನ್ನಡದಲ್ಲಿ ಬೇರೂರಿದ್ದು ಹೀಗೆ. ಕುವೆಂಪು ಅವರು ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿನ ಇತಿಹಾಸಕ್ಕೆ ಅಳವಡಿಸಿ ‘ರಕ್ತಾಕ್ಷಿ’ಯನ್ನು ನೀಡಿದರು. ಸಾವನ್ನು ಸಾವೆಂದೇ ನೋಡುವ ಧೈರ್ಯವನ್ನು ಕನ್ನಡ ಪ್ರೇಕ್ಷಕನೂ ಬೆಳೆಸಿಕೊಂಡನು.

ನಾವೀಗ ವಾಸಿಸುತ್ತಿರುವ ನಾಡಿನಲ್ಲಿಯೂ ಇಂಥದೇ ಕಥೆಯೊಂದಿದೆ. ನೈರೋಬಿಗೆ ಸಮೀಪದ ಲಿಮುರು ಪ್ರದೇಶದಲ್ಲಿ 1938ರಲ್ಲಿ ಹುಟ್ಟಿದ ಗೂಗಿ ವಾ ಥಿಯಾಂಗೊ ಅವರ ‘ದಿ ರಿವರ್ ಬಿಟ್ವೀನ್’ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಕಮೆನೊ, ಮಕುಯು ಎಂಬ ಎರಡು ಬೆಟ್ಟಸಾಲುಗಳು ಎದುರುಬದುರಾಗಿ ನಿಂತಿವೆ. ಒಂದು ಕಡೆ ಗಿಕುಯು ಜನರ ಹಳೆಯ ಆಚಾರ, ಇನ್ನೊಂದು ಕಡೆ ಕ್ರೈಸ್ತ ಮತ. ಹೆಣ್ಣುಮಕ್ಕಳ ಸುನ್ನತಿಯ ಪ್ರಶ್ನೆಯ ಮೇಲೆ 1929ರ ಹೊತ್ತಿಗೆ ಈ ಸೀಮೆಯಲ್ಲಿ ಎದ್ದ ದೊಡ್ಡ ವಿವಾದವೇ ಕಾದಂಬರಿಯ ಹಿನ್ನೆಲೆ. ಕಮೆನೊದ ತರುಣ ಉಪಾಧ್ಯಾಯ ವೈಯಾಕಿ, ಮಕುಯುವಿನ ಕ್ರೈಸ್ತ ಬೋಧಕನ ಮಗಳು ನ್ಯಾಂಬುರಾಳನ್ನು ಪ್ರೀತಿಸುತ್ತಾನೆ. ಎರಡೂ ಕಡೆಯವರನ್ನು ಒಂದುಗೂಡಿಸುವ ಕನಸು ಅವನದು. ಕೊನೆಗೆ ಅವನ ಜನರೇ ಅವರಿಬ್ಬರನ್ನೂ ಹಿರಿಯರ ಮಂಡಳಿಯ ತೀರ್ಪಿಗೆ ಒಪ್ಪಿಸಿ, ಪರಸ್ಪರ ಮುಖ ನೋಡಲಾರದೆ ಕತ್ತಲಲ್ಲಿ ಚದುರಿಹೋಗುತ್ತಾರೆ.

ಆ ಎರಡು ಬೆಟ್ಟಗಳ ನಡುವೆ ಹರಿಯುವ ನದಿಯ ಹೆಸರು ಹೊನಿಯಾ. ಗುಣಪಡಿಸುವುದು, ಮರಳಿ ಜೀವ ತರುವುದು ಎಂದು ಅದರ ಅರ್ಥ. ಆನಂದರಾಯರು ದೇವರಿಂದ ಮಾಡಿಸಿದ ಕೆಲಸವನ್ನು ಗೂಗಿಯವರು ನದಿಯ ಹೆಸರಿನಲ್ಲಿ ಮಾತ್ರ ಇಟ್ಟಿದ್ದಾರೆ. ನದಿ ಹರಿಯುತ್ತಲೇ ಇರುತ್ತದೆ, ಗುಣವಾಗಬೇಕಾದವರು ದಡದ ಮೇಲಿನ ಜನ.

ಪರದೇಶದಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಮಕ್ಕಳ ಮದುವೆಯ ಮಾತು ಬಂದಾಗ ಜಾತಿ, ಭಾಷೆ, ಮತಗಳ ಪ್ರಶ್ನೆ ಏಳುವುದುಂಟು. ಖಡ್ಗ, ವಿಷಗಳ ಕಾಲ ಇದಲ್ಲದಿದ್ದರೂ ಮಾತು ಬಿಟ್ಟ ತಂದೆ–ಮಗಳು, ವರ್ಷಗಟ್ಟಲೆ ಬಾಗಿಲು ತುಳಿಯದ ಅಣ್ಣತಮ್ಮಂದಿರು ನಮಗೆ ಅಪರಿಚಿತರಲ್ಲ. ರಾಮವರ್ಮ–ಲೀಲಾವತಿಯರ ಕಥೆಯನ್ನು ಮಕ್ಕಳಿಗೆ ಸಂತೋಷದಿಂದ ಹೇಳೋಣ. ಅದು ನಮ್ಮ ರಂಗಭೂಮಿಯ ಸಂಪತ್ತು. ಹಿರಿಯರಾದ ನಾವು ಮಾತ್ರ ವೆರೋನಾದ ಕೊನೆಯನ್ನೂ ಹೊನಿಯಾ ದಡದ ಕೊನೆಯನ್ನೂ ಓದಿಕೊಳ್ಳುವುದು ಒಳ್ಳೆಯದು. ಏಕೆಂದರೆ ಆ ಎರಡು ಕಥೆಗಳಲ್ಲಿಯೂ, ಅನಾಹುತವನ್ನು ತಪ್ಪಿಸಬಹುದಾಗಿದ್ದವರು ಹಿರಿಯರೇ.